ಒಮ್ಮೆ ಕೇಳಿ ಲಿಫ್ಟ್ ಹತ್ತಿದವರಿಗೆ

ವೈವಿಧ್ಯ ಮತ್ತು ಸಮಾನತೆ ವಿಭಾಗದ ಮುಖ್ಯಸ್ಥರಿಗೆ,
ನಮ್ಮ ಕಂಪನಿಯ ಪ್ರಧಾನ ಕಚೇರಿ, ಡಾಕ್‌ಲ್ಯಾಂಡ್ಸ್, ಮೆಲ್ಬರ್ನ್.

ಮಾನ್ಯರೇ,

ಬಿಳಿಯ ಸಹೋದ್ಯೋಗಿಗಳು ವರ್ಣಭೇದವನ್ನು ಅರಿಯುವುದು ಹೇಗೆ, ಅರಿತ ಮೇಲೆ ಅದರ ವಿರುದ್ಧ ನಿಲ್ಲುವುದು ಹೇಗೆ ಎಂಬ ನಿಮ್ಮ ತರಬೇತಿಯ ಎರಡನೇ ಸುತ್ತಿಗೆ ನಾನು ಸಹಾಯ ಮಾಡಬೇಕೆಂದು ಕಳೆದ ವಾರ ಕೇಳಿದಿರಿ. ‘ಭಾರತೀಯ ಸಹೋದ್ಯೋಗಿಗಳ ಮಾತನ್ನು ಕೇಳಿಸಿಕೊಳ್ಳುವ ಬಗೆ’ ಎಂದು ಹತ್ತು ನಿಮಿಷ ಮಾತನಾಡಿ, ಜೊತೆಗೆ ಮನೆಯಿಂದ ಏನಾದರೂ ಸಿಹಿ ತಂದರೆ ಇನ್ನೂ ಚೆನ್ನ ಎಂದಿರಿ. ಅದಕ್ಕೆ ನನ್ನ ಉತ್ತರ ಈ ಪತ್ರದ ಕೊನೆಯಲ್ಲಿದೆ. ಮೊದಲು ನನ್ನ ದೂರು. ಮೊದಲ ಸುತ್ತಿನಲ್ಲಿ ನೀವು ಒಬ್ಬ ಹುಡುಗಿಯ ನೋವನ್ನು ಕೋಣೆ ತುಂಬ ಜನರ ಪಾಠಕ್ಕೆ ಬಳಸಿಕೊಂಡಿರಿ. ಪಾಠ ಮುಗಿದ ಮೇಲೆ ಅವಳನ್ನು ಇದ್ದ ಜಾಗದಲ್ಲೇ ಬಿಟ್ಟು ನಡೆದಿರಿ. ಈ ತಿಂಗಳ ಕೊನೆಗೆ ಅವಳಿಗೆ ನ್ಯಾಯವಾಗಿ ಸಿಗಬೇಕಾದ ಹುದ್ದೆ ಬೇರೊಬ್ಬರ ಪಾಲಾಗಲಿದೆ. ಇದು ನಿಮಗೆ ಗೊತ್ತಿಲ್ಲ ಎಂದು ನಂಬಲು ಪ್ರಯತ್ನಪಟ್ಟೆ, ಆಗಲಿಲ್ಲ.

ಪತ್ರವನ್ನು ಕನ್ನಡದಲ್ಲಿ, ಇಲ್ಲಿನ ನಮ್ಮ ಕನ್ನಡ ಸಂಘದ ಅಂತರ್ಜಾಲ ಪತ್ರಿಕೆಯಲ್ಲಿ ಏಕೆ ಬರೆದೆ ಎಂದು ನೀವು ಹುಬ್ಬೇರಿಸಬಹುದು. ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ. ಎರಡಕ್ಕೂ ‘ನಿಮ್ಮ ಧೈರ್ಯಕ್ಕೆ ಧನ್ಯವಾದ’ ಎಂಬ ಒಂದೇ ಉತ್ತರ ಬಂತು. ಆ ಧನ್ಯವಾದವನ್ನು ಯಾರೂ ಟೈಪ್ ಮಾಡಿದ್ದಲ್ಲ, ತಾನಾಗಿ ಹೊರಟದ್ದು ಎಂದು ನನಗೆ ಆಗಲೇ ಅನುಮಾನ ಬಂದಿತ್ತು. ಇದನ್ನು ಓದಲು ನಿಮಗೆ ಕನ್ನಡ ಬಲ್ಲ ಒಬ್ಬರು ಬೇಕಾಗುತ್ತಾರೆ. ಸೌಹಾರ್ದ ಸಪ್ತಾಹದಲ್ಲಿ ರಿಸೆಪ್ಷನ್ನಿನಲ್ಲಿ ಐದು ಭಾರತೀಯ ಲಿಪಿಗಳಲ್ಲಿ ‘ಸ್ವಾಗತ’ ಬರೆಸಿದಿರಲ್ಲ, ಆಗ ಹುಡುಕಿದ ಹಾಗೆ ಈಗಲೂ ಯಾರನ್ನಾದರೂ ಹುಡುಕಿಕೊಳ್ಳುತ್ತೀರಿ. ಜೊತೆಗೆ, ನಮ್ಮವರೂ ಇದನ್ನು ಓದಬೇಕೆಂಬ ಆಸೆ ನನಗಿದೆ. ಅವರ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ.

ಇಂಚರಾ ಹಾಸನದ ಹುಡುಗಿ. ನಮ್ಮ ನಾರ್ತ್ ಸಿಡ್ನಿ ಕಚೇರಿಯಲ್ಲಿ, ಒಂದು ವಿಮಾ ಸಂಸ್ಥೆಗೆ ನಾವು ಮಾಡಿಕೊಡುತ್ತಿರುವ ಸಾಫ್ಟ್‌ವೇರಿನ ಬಹುಪಾಲನ್ನು ವಿನ್ಯಾಸ ಮಾಡಿದವಳು. ನಾನು ಡಾಕ್‌ಲ್ಯಾಂಡ್ಸಿನಲ್ಲಿ ಕೂತು ಅದೇ ಕೆಲಸವನ್ನು ಪರೀಕ್ಷೆ ಮಾಡುವವಳು. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಅವಳ ಕೆಲಸದಲ್ಲಿ ತಪ್ಪು ಸಿಗುವುದು ಎಷ್ಟು ಕಷ್ಟ ಎಂದು ಹೇಳುವ ಹಕ್ಕು ನನಗಿದೆ. ಅವಳ ಮ್ಯಾನೇಜರಿಗೆ ಮೊದಲ ದಿನವೇ ‘ಇಂಚರಾ’ ಎಂಬ ಹೆಸರು ಕಷ್ಟವಾಯಿತು. “ಇಂಚ್ ಅಂತ ಕರೆಯಲಾ?” ಎಂದ. ಶ್ರೀಲಂಕಾದ ಕ್ರಿಕೆಟ್ ಆಟಗಾರರ ಗಜುದ್ದದ ಹೆಸರುಗಳನ್ನು ನೀರು ಕುಡಿದ ಹಾಗೆ ಹೇಳುವ ನಾಲಿಗೆಗೆ ಮೂರಕ್ಷರ ಭಾರವಾದದ್ದು ಹೇಗೋ ನನಗೆ ತಿಳಿಯದು. ಹೋಗಲಿ, ಹೆಸರಿನ ವಿಷಯ ಬಿಡೋಣ. ಒಂದು ದಿನ ಆತ ಅವಳನ್ನು ಕರೆದು, ಇನ್ನು ಮುಂದೆ ಗ್ರಾಹಕರ ಮೀಟಿಂಗಿನಲ್ಲಿ ಮಾತನಾಡುವುದು ಬೇಡ, ಅವರಿಗೆ ಇಲ್ಲಿನ ದನಿ, ಇಲ್ಲಿನ ಉಚ್ಚಾರಣೆ ಇದ್ದರೆ ಅನುಕೂಲವಂತೆ ಎಂದ. ಕೋಣೆಯಲ್ಲಿ ಕೂತಿರು, ಪ್ರಶ್ನೆ ಬಂದರೆ ಉತ್ತರವನ್ನು ನನಗೆ ಚಾಟ್‌ನಲ್ಲಿ ಕಳಿಸು, ನಾನು ಹೇಳುತ್ತೇನೆ ಎಂದ. ಅಂದಿನಿಂದ ಅವಳು ಮೂಲೆಯ ಕುರ್ಚಿಯಲ್ಲಿ ಕೂತು ಬೆರಳಿನಲ್ಲಿ ಉತ್ತರ ಕೊಡುತ್ತಿದ್ದಾಳೆ, ಆತ ಅದನ್ನು ಓದಿ ತಲೆದೂಗಿಸಿಕೊಳ್ಳುತ್ತಿದ್ದಾನೆ. ಬುದ್ಧಿ ಹಾಸನದ್ದು, ದನಿ ಮಾತ್ರ ಇಲ್ಲಿನದು.

ನಿಮ್ಮ ಮೊದಲ ಸುತ್ತಿನ ತರಬೇತಿಗೆ ‘ಬದುಕಿ ಕಂಡ ಅನುಭವ’ ಹೇಳುವವರು ಬೇಕಾಗಿದ್ದರು. ನೀವು ಇಂಚರಾಳನ್ನು ಸಿಡ್ನಿಯಿಂದ ವಿಮಾನದಲ್ಲಿ ಕರೆಸಿದಿರಿ. ಕಲಿಯುವವರ ಸಾಲಿನಲ್ಲಿ ಅವಳ ಮ್ಯಾನೇಜರ್ ಮತ್ತು ಆ ಕಚೇರಿಯ ಇನ್ನೂ ಕೆಲವರು ಬಂದಿದ್ದರು. ನಾನೂ ಆ ದಿನ ಅಲ್ಲಿದ್ದೆ. ನೀರು ಕಾಣುವ ದೊಡ್ಡ ಕೋಣೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿಸಿದ್ದಿರಿ. ಪ್ರತಿ ಮೂರನೇ ಕುರ್ಚಿಯ ಪಕ್ಕ ಒಂದು ಟಿಶ್ಯೂ ಡಬ್ಬಿ ಇತ್ತು. ಯಾರೂ ಇನ್ನೂ ಬಾಯಿ ತೆರೆದಿರಲಿಲ್ಲ ಸ್ವಾಮಿ, ಆಗಲೇ ಟಿಶ್ಯೂ ಸಿದ್ಧವಾಗಿತ್ತು! ಮದುವೆ ಮನೆಯಲ್ಲಿ ಊಟಕ್ಕೆ ಮೊದಲೇ ಬೀಡಾ ಜೋಡಿಸಿಟ್ಟ ಹಾಗೆ. ಅಳು ಕಾರ್ಯಕ್ರಮದ ಪಟ್ಟಿಯಲ್ಲೇ ಇತ್ತೆಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಎಲ್ಲ ಸಭೆಗಳಂತೆ ಅದೂ ಈ ನೆಲದ ಮೂಲ ಒಡೆಯರಾದ ಇಲ್ಲಿನ ಆದಿವಾಸಿಗಳಿಗೆ ಗೌರವ ಸಲ್ಲಿಸುವ ನಾಲ್ಕು ಸಾಲುಗಳಿಂದ ಶುರುವಾಯಿತು. ನೀವು ತಲೆಬಾಗಿ ಓದಿದಿರಿ. ನಮ್ಮ ಕಂಪನಿಯ ಎರಡು ನಗರಗಳ ಅಷ್ಟೂ ಮಹಡಿಗಳಲ್ಲಿ ಆ ಒಡೆಯರ ಪೈಕಿ ಕೆಲಸ ಮಾಡುವ ಒಬ್ಬರನ್ನೂ ನಾನು ಈವರೆಗೆ ಕಂಡಿಲ್ಲ. ಮನೆಯ ಯಜಮಾನನಿಗೆ ಬಾಗಿಲಲ್ಲಿ ನಮಸ್ಕಾರ ಮಾಡಿ ಒಳಗೆ ಕುರ್ಚಿ ಹಾಕದಿರುವುದು ಯಾವ ಊರಿನ ಮರ್ಯಾದೆ? ವರ್ಣಭೇದವೆಂದರೇನು ಎಂದು ಕಲಿಯಲು ನಿಮಗೆ ಇಪ್ಪತ್ತು ವರ್ಷದ ಹಿಂದೆ ಸೂಟ್‌ಕೇಸ್ ಹಿಡಿದು ಬಂದ ನಾನು, ಈ ಉಷಾ, ಬೇಕೆ? ಇನ್ನೂರು ವರ್ಷಗಳಿಂದ ಹೇಳುತ್ತಿರುವವರ ಮಾತು ಪುಸ್ತಕಗಳಲ್ಲಿದೆ, ವಿಚಾರಣಾ ವರದಿಗಳಲ್ಲಿದೆ, ನಿಮ್ಮದೇ ಲೈಬ್ರರಿಯಲ್ಲಿ, ನಿಮ್ಮದೇ ಭಾಷೆಯಲ್ಲಿದೆ. ಓದಲು ಯಾರನ್ನೂ ವಿಮಾನದಲ್ಲಿ ಕರೆಸಬೇಕಾಗಿಲ್ಲ. ಆದರೆ ಪುಸ್ತಕ ನಿಮ್ಮೆದುರು ಕೂತು, ನೀವು ಒಳ್ಳೆಯವರು ಎಂದು ಸಮಾಧಾನ ಹೇಳುವುದಿಲ್ಲ. ಅಲ್ಲೇ ಇರಬೇಕು ತೊಂದರೆ.

ಇಂಚರಾ ತನ್ನ ಕಥೆ ಹೇಳಿದಳು. ಯಾರ ಹೆಸರನ್ನೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಅವಳ ಮ್ಯಾನೇಜರ್ ತಾನಾಗಿ ಎದ್ದು ನಿಂತು ಅಳತೊಡಗಿದ. ತಾನು ಎಂಥ ಮನೆಯಲ್ಲಿ ಬೆಳೆದೆ, ತನಗೆ ಯಾರೂ ಏನೂ ಕಲಿಸಲಿಲ್ಲ, ಈ ದಿನ ತನ್ನ ಕಣ್ಣು ತೆರೆಯಿತು ಎಂದೆಲ್ಲ ಹೇಳಿದ. ಸಭೆಗೆ ಸಭೆಯೇ ಅವನ ಕಡೆ ತಿರುಗಿತು. ಪಕ್ಕದವರು ತಾವೂ ಕಣ್ಣೀರು ಸುರಿಸುತ್ತಾ ಅವನ ಬೆನ್ನು ಸವರಿದರು. ಆಗ ಎದ್ದು ಹೋಗಿ ಅವನಿಗೆ ಟಿಶ್ಯೂ ಕೊಟ್ಟವಳು ಯಾರು? ಇಂಚರಾ. “ಇಟ್ಸ್ ಓಕೆ, ಇಟ್ಸ್ ಓಕೆ” ಎಂದು ಸಮಾಧಾನ ಮಾಡಿದವಳೂ ಅವಳೇ. ಏಟು ತಿಂದವಳೇ ಹೊಡೆದವನ ಕೈಗೆ ಎಣ್ಣೆ ಹಚ್ಚುವುದನ್ನು ನಾನು ಕಣ್ಣಾರೆ ಕಂಡೆ. ನೀವು ಎದೆಯ ಮೇಲೆ ಕೈಯಿಟ್ಟುಕೊಂಡು, ಇದೊಂದು ಅಪೂರ್ವ ಕ್ಷಣ ಎಂದಿರಿ. ಮುಂದಿನ ತಿಂಗಳು ಕಂಪನಿಯ ಸುದ್ದಿಪತ್ರದಲ್ಲಿ ಆತನ ಫೋಟೋ ಬಂತು, ಕೆಳಗೆ ‘ಕಲಿಕೆಯ ಹಾದಿಯಲ್ಲಿ’ ಎಂದಿತ್ತು.

ಸಭೆ ಮುಗಿದ ಮೇಲೆ ಲಿಫ್ಟಿನ ಮುಂದೆ ನೀವು ಇಂಚರಾಳನ್ನು ಕೇಳಿದಿರಿ. ನಾನು ಅವಳ ಪಕ್ಕದಲ್ಲೇ ಇದ್ದೆ. “ಈ ವಿಷಯವನ್ನು ಮುಂದಕ್ಕೆ ಒಯ್ಯಬೇಕು ಅನ್ನಿಸುತ್ತಾ ನಿನಗೆ?” ಎಂದಿರಿ. ಅವಳು ನಕ್ಕು, “ನೋ ನೋ, ಪರವಾಗಿಲ್ಲ” ಎಂದಳು. ನೀವು “ಗ್ರೇಟ್” ಎಂದಿರಿ. ಲಿಫ್ಟ್ ಬಂತು. ನೀವು ಹತ್ತಿ ಹೋದಿರಿ.

ಆ ದಿನ ಅವಳು ನಮ್ಮ ಮನೆಯಲ್ಲೇ ಉಳಿದಳು. ತೊಳೆದ ಪಾತ್ರೆಗಳನ್ನು ಒರೆಸುತ್ತಾ ಒಂದೇ ಮಾತು ಹೇಳುತ್ತಿದ್ದಳು.

“ಆಂಟಿ, ನಾನು ನೋ ಅಂದಿದ್ದು ನಿಜ. ಆದ್ರೆ ಇನ್ನೊಂದ್ಸಲ ಕೇಳ್ತಾರೆ ಅನ್ಕೊಂಡೆ. ಫಸ್ಟ್ ಟೈಮ್‌ಗೇ ಹೂಂ ಅಂದ್ಬಿಟ್ರೆ ಏನ್ ಚೆನ್ನಾಗಿರತ್ತೆ? ಕಾಯ್ತಾ ಇದ್ಲು ಅನ್ಕೊಳಲ್ವಾ?”

ಗೋಪೀನಾಥರು, ಎಂದರೆ ನನ್ನ ಯಜಮಾನರು, ಪೇಪರಿನಿಂದ ತಲೆಯೆತ್ತದೆ, “ಇವರ ಹತ್ರ ಉಪಚಾರ ಎಲ್ಲ ನಡೆಯಲ್ಲಮ್ಮ. ಕೇಳಿದ ತಕ್ಷಣ ಹೂಂ ಅನ್ಬೇಕು. ನಾನು ಟೀ ವಿಷಯದಲ್ಲಿ ಕಲ್ತೆ,” ಎಂದರು.

ಆ ಟೀ ವಿಷಯವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ನಾವು ಈ ದೇಶಕ್ಕೆ ಹೊಸದಾಗಿ ಬಂದಾಗ ಪಕ್ಕದ ಮನೆಯ ವೃದ್ಧೆ ನಮ್ಮಿಬ್ಬರನ್ನೂ ಒಂದು ಸಂಜೆ ಕರೆದಿದ್ದರು. ಟೀ ಕುಡಿಯುತ್ತೀರಾ ಎಂದು ಕೇಳಿದರು. ಗೋಪೀನಾಥರು ನಮ್ಮ ಕಡೆಯ ಮರ್ಯಾದೆಯಂತೆ “ಅಯ್ಯೋ, ಬೇಡಿ, ಈಗ ತಾನೇ ಆಯ್ತು” ಎಂದರು. ನಮ್ಮಲ್ಲಿ ಮೊದಲನೆಯ ‘ಬೇಡ’ ಎಂದರೆ ಬೇಡ ಎಂದಲ್ಲ, ನಿಮಗೆ ತೊಂದರೆ ಕೊಡಲು ನಾನು ಬಂದಿಲ್ಲ ಎಂದು. ಮನೆಯವರು ‘ಅದೆಲ್ಲ ಆಗಲ್ಲ, ಅರ್ಧ ಲೋಟವಾದರೂ ಕುಡಿಯಲೇಬೇಕು’ ಎಂದು ಒತ್ತಾಯ ಮಾಡುವುದು, ಬಂದವರು ಇನ್ನೊಮ್ಮೆ ತಲೆಯಾಡಿಸುವುದು, ಆಮೇಲೆ ತುಂಬಿದ ಲೋಟ ಕೈಗೆ ಬರುವುದು ಕ್ರಮ. ಆಕೆ “ಸರಿ” ಎಂದು ಒಳಗೆ ಹೋಗಿ, ತಮಗೊಬ್ಬರಿಗೇ ಟೀ ಮಾಡಿಕೊಂಡು ಬಂದು, ನಮ್ಮೆದುರು ಕೂತು ಬಿಸ್ಕತ್ತು ಅದ್ದಿ ಅದ್ದಿ ತಿಂದರು. ಗೋಪೀನಾಥರ ಮುಖ ನೋಡಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮುಂದಿನದನ್ನೂ ಕೇಳಿ. ಕೆಲವು ತಿಂಗಳಾದ ಮೇಲೆ ಆಕೆ ನಮ್ಮ ಮನೆಗೆ ಬಂದರು. ಹೋಳಿಗೆ ಬಡಿಸಿದೆ. ಸಾಕು ಎಂದರು, ಬಿಡಲಿಲ್ಲ. ಮತ್ತೆ ಸಾಕೆಂದರು, ಎಲೆಯ ಮೇಲೆ ಇನ್ನೊಂದು ಬಿತ್ತು. ಆಕೆ ಕೈ ಅಡ್ಡ ಹಿಡಿದವರು ಇದ್ದಕ್ಕಿದ್ದಂತೆ ಗೋಪೀನಾಥರ ಕಡೆ ನೋಡಿ, “ಆ ದಿನ ನಿಮಗೆ ಟೀ ಬೇಕಿತ್ತು, ಅಲ್ಲವೇ?” ಎಂದರು. ಯಾವ ತರಬೇತುದಾರನೂ ಆಕೆಗೆ ಸ್ಲೈಡ್ ತೋರಿಸಿರಲಿಲ್ಲ. ತಾನು ಹಿಂದೆ ಮಾಡಿದ್ದನ್ನು ನೆನೆಸಿಕೊಂಡು, ನಾಚಿ, ಮರುದಿನ ಕೆಟಲ್ ಇಟ್ಟರು. ಬದುಕಿರುವವರೆಗೂ ನಮ್ಮನ್ನು ಎರಡು ಸಲ ಕೇಳುತ್ತಿದ್ದರು.

ಮಾನ್ಯರೇ, ಇಲ್ಲಿ ನೀವು ಪೆನ್ನು ತೆಗೆಯುತ್ತೀರಿ ಎಂದು ನನಗೆ ಗುಮಾನಿ. ‘ಓಹೋ, ಇದು ಸಂಸ್ಕೃತಿಯ ವ್ಯತ್ಯಾಸ, ಯಾರದೂ ತಪ್ಪಿಲ್ಲ’ ಎಂದು ಬರೆದುಕೊಳ್ಳುತ್ತೀರಿ. ದಯವಿಟ್ಟು ಬೇಡಿ. ಟೀಗೆ ಒಂದೇ ಸಲ ಕೇಳಿದರೆ ಗಂಟಲು ಒಣಗುತ್ತದೆ, ಅಷ್ಟೇ. ಅನ್ಯಾಯದ ವಿಷಯದಲ್ಲಿ, ಅದೂ ಲಿಫ್ಟಿನ ಬಟನ್ ಒತ್ತಿ ಆದ ಮೇಲೆ, ಒಂದೇ ಸಲ ಕೇಳುವವರಿಗೆ ಯಾವ ಉತ್ತರ ಬೇಕಾಗಿರುತ್ತದೆ? ವಾರ್ಷಿಕ ಸಮೀಕ್ಷೆ ತುಂಬಲಿಲ್ಲವೆಂದು ನನಗೆ ಐದೈದು ಸಲ ನೆನಪು ಮಾಡಿದ ವಿಭಾಗ ನಿಮ್ಮದು. ಐದು ಸಲ ಕೇಳುವುದು ನಿಮಗೆ ಚೆನ್ನಾಗಿ ಬರುತ್ತದೆ. ಬೇಕಾದಾಗ ಬರುತ್ತದೆ ಎನ್ನುವುದು ನನ್ನ ಆರೋಪ. ಅವಳ ವೀಸಾ ಕಂಪನಿಯ ಕೈಯಲ್ಲಿದೆ, ಪಿಆರ್, ಎಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ಆಗಲು ಕಂಪನಿಯ ಸಹಿ ಬೇಕು ಎಂದು ನಿಮಗೆ ಗೊತ್ತಿತ್ತು. ಅಂಥವಳು, ತನ್ನ ಮ್ಯಾನೇಜರ್ ಹತ್ತು ಹೆಜ್ಜೆ ಆಚೆ ಮೂಗು ಒರೆಸಿಕೊಳ್ಳುತ್ತಾ ನಿಂತಿರುವಾಗ ‘ಹೌದು, ದೂರು ಕೊಡುತ್ತೇನೆ’ ಎನ್ನುತ್ತಾಳೆಯೇ? ಮರುದಿನ ನಾನು ಫೋನು ಮಾಡಿದಾಗ ನೀವು ಏನೆಂದಿರಿ ನೆನಪಿದೆಯೇ? “ಉಷಾ, ಅವಳೇ ಬೇಡ ಅಂದಳಲ್ಲ. ಅವಳ ಇಚ್ಛೆಯನ್ನು ಗೌರವಿಸೋಣ.” ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಮೇಲೆ ಗೌರವವೂ ಆಯಿತು.

ಈಗ ನಾನು ಸಿಡ್ನಿಗೆ ಹೋದಾಗ ಕೇಳಿದ ಸಂಗತಿಗೆ ಬರುತ್ತೇನೆ. ಭಾರತೀಯರೇ ತುಂಬಿರುವ ಹ್ಯಾರಿಸ್ ಪಾರ್ಕ್ ಬಡಾವಣೆಯ ಒಂದು ಹೋಟೆಲಿನಲ್ಲಿ ಇಂಚರಾ ದೋಸೆ ಮುರಿಯುವುದನ್ನೂ ಮರೆತು ಹೇಳಿದಳು. ಅವಳ ಕಚೇರಿಯಲ್ಲಿ ಫಿಯೋನಾ ಎಂಬ ಪ್ರಾಜೆಕ್ಟ್ ಮ್ಯಾನೇಜರ್ ಇದ್ದಾಳೆ. ಬಿಳಿಯವಳು, ನಿಮ್ಮ ತರಬೇತಿಯ ದಿನ ರಜೆಯಲ್ಲಿದ್ದವಳು. ಅವಳು ಪ್ಯಾಂಟ್ರಿಯಲ್ಲಿ ಕಾಫಿ ಕಪ್ ತೊಳೆಯುತ್ತಾ, “ನೀನು ಈಗೀಗ ಮೀಟಿಂಗಿನಲ್ಲಿ ಮಾತೇ ಆಡುವುದಿಲ್ಲ, ಯಾಕೆ?” ಎಂದಳಂತೆ. ಇವಳು ಎಂದಿನಂತೆ ಏನಿಲ್ಲ ಎಂದಳಂತೆ. ಫಿಯೋನಾ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಹೊರಗೆ ಹೋಗದೆ ಅಲ್ಲೇ ನಿಂತಳಂತೆ. “ಇಲ್ಲ, ಏನೋ ಇದೆ,” ಎಂದಳಂತೆ.

“ಅಷ್ಟೇ ಆಂಟಿ. ಅಷ್ಟಕ್ಕೇ ನಾನು ಎಲ್ಲಾ ಹೇಳ್ಬಿಟ್ಟೆ. ಅವ್ಳು ಅಳ್ಲಿಲ್ಲ, ಸಾರಿ ಅನ್ಲಿಲ್ಲ, ತಬ್ಕೊಳ್ಳೋಕೂ ಬರ್ಲಿಲ್ಲ. ‘ನೆಕ್ಸ್ಟ್ ಮೀಟಿಂಗ್ ಯಾವಾಗ?’ ಅಂತ ಕೇಳಿದ್ಲು.”

ಆ ಮೀಟಿಂಗಿನಲ್ಲಿ ಗ್ರಾಹಕರು ಒಂದು ಕಠಿಣ ಪ್ರಶ್ನೆ ಕೇಳಿದಾಗ ಇಂಚರಾಳ ಬೆರಳು ಎಂದಿನಂತೆ ಓಡತೊಡಗಿತು, ಮ್ಯಾನೇಜರ್ ಎಂದಿನಂತೆ ಗಂಟಲು ಸರಿಮಾಡಿಕೊಂಡ. ಫಿಯೋನಾ, “ಇದರ ಉತ್ತರ ಬರೆಯುತ್ತಿರುವುದು ಇಂಚರಾ. ಅವಳೇ ಹೇಳಲಿ,” ಎಂದಳು. ಪೂರ್ತಿ ಹೆಸರು, ಮೂರೂ ಅಕ್ಷರ. ಇಂಚರಾ ಹೇಳಿದಳು. ಗ್ರಾಹಕರ ಕಡೆಯವರು ಇನ್ನೆರಡು ಪ್ರಶ್ನೆ ಕೇಳಿದರು, ಅದಕ್ಕೂ ಹೇಳಿದಳು. ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ. ಕೊನೆಗೆ ಅವರು ಏನೆಂದರು ಗೊತ್ತೇ? “ನೀವು ಕೆಲಸ ಬಿಟ್ಟಿರಿ ಅಂದುಕೊಂಡಿದ್ದೆವು. ಯಾಕೆ ಸುಮ್ಮನಾದಿರಿ?” ಹಾಗಾದರೆ ಇಲ್ಲಿನ ದನಿ ಬೇಕೆಂದು ಕೇಳಿದವರು ಯಾರು? ಗ್ರಾಹಕರಂತೂ ಅಲ್ಲ. ಅವರ ಬಾಯಲ್ಲಿ ಆ ಮಾತನ್ನು ಇಟ್ಟವರು ಯಾರೆಂದು ನೀವು ಇವತ್ತಿನವರೆಗೂ ವಿಚಾರಿಸಿಲ್ಲ.

ಮರುದಿನ ಮೇಲಿನವರು ಕರೆದು ಮಾತನಾಡಿದ್ದು ಮ್ಯಾನೇಜರಿನ ಜೊತೆಗಲ್ಲ, ಫಿಯೋನಾಳ ಜೊತೆಗೆ. ಗ್ರಾಹಕರ ಮುಂದೆ ತಂಡದ ಒಗ್ಗಟ್ಟು ಕಾಪಾಡಲಿಲ್ಲವಂತೆ. ನಿಮ್ಮ ವೃತ್ತದಲ್ಲಿ ಕೂತು ಕಣ್ಣೀರು ಸುರಿಸಿದವರ ಪೈಕಿ ಮೂವರು ಫಿಯೋನಾಳನ್ನು ಕರೆಸಿದ ಆ ಕೋಣೆಯಲ್ಲಿದ್ದರು. ಮೂವರೂ ಮೇಜು ನೋಡುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ಇಂಚರಾ ಮತ್ತೆ ಮೂಲೆಯ ಕುರ್ಚಿಯಲ್ಲೇ ಇದ್ದಾಳೆ. ತಂಡದ ಮುಖ್ಯಸ್ಥರ ಹುದ್ದೆ ಖಾಲಿಯಾಗಿದೆ, ಅವಳು ಅರ್ಜಿ ಹಾಕಿದ್ದಾಳೆ. ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದಾಳಂತೆ, ಆದರೆ ‘ಗ್ರಾಹಕರೊಂದಿಗೆ ಮಾತನಾಡಿದ ಅನುಭವ’ ಸಾಲದಂತೆ! ಬಾಯಿಗೆ ಬಟ್ಟೆ ಕಟ್ಟಿದವರೇ ಹಾಡು ಬರುವುದಿಲ್ಲ ಎಂದು ತೀರ್ಪು ಕೊಡುತ್ತಿದ್ದಾರೆ. ಈ ಹುದ್ದೆ ತಪ್ಪಿದರೆ ಮುಂದಿನ ವರ್ಷ ಅವಳ ವೀಸಾಕ್ಕೆ ಕಂಪನಿ ಸಹಿ ಹಾಕುತ್ತದೆಂದು ನನಗೆ ನಂಬಿಕೆ ಇಲ್ಲ, ಅವಳಿಗೂ ಇಲ್ಲ. ಬಾಡಿಗೆ ಮನೆಯ ಒಪ್ಪಂದವನ್ನು ಹೊಸದು ಮಾಡಿಸಲೋ ಬೇಡವೋ ಎಂದು ಆ ಹುಡುಗಿ ನನ್ನನ್ನು ಕೇಳುತ್ತಿದ್ದಾಳೆ. ಏನು ಹೇಳಲಿ ನಾನು?

ನಮ್ಮವರಿಗೂ ಎರಡು ಮಾತು. ಇದನ್ನು ಬರೆಯುತ್ತೇನೆ ಎಂದಾಗ ಸಂಘದ ಒಬ್ಬ ಹಿರಿಯರು, “ಯಾಕಮ್ಮ ಊರ ಉಸಾಬರಿ? ಪಿಆರ್ ಆಗೋವರ್ಗೂ ಬಾಯ್ ಮುಚ್ಕೊಂಡಿರ್ಬೇಕು. ಆಮೇಲೆ ಸಿಟಿಜನ್‌ಷಿಪ್ ಆಗೋವರ್ಗೂ. ನಾವೆಲ್ಲ ಹಾಗೇ ಬಂದಿದ್ದು,” ಎಂದರು. ಹಾಗೇ ಬಂದಿದ್ದೇವೆ, ನಿಜ. ಅದಕ್ಕೇ ಇಂಚರಾ ಮೂಲೆಯಲ್ಲಿ ಕೂತಿದ್ದಾಳೆ. ಅದೇ ಹಿರಿಯರು ಮನೆ ಕೊಳ್ಳುವಾಗ, ಆ ಸಬರ್ಬ್ ಬೇಡ, ಅಲ್ಲಿ ‘ಅವರು’ ಜಾಸ್ತಿ ಎನ್ನುವುದನ್ನೂ ಕೇಳಿದ್ದೇನೆ. ಬಿಳಿಯವರು ಕಲಿಯಬೇಕು ಎನ್ನುವಾಗ ನಾವು ಪಾಸಾಗಿ ಬಂದವರಂತೆ ಕೈಕಟ್ಟಿ ನಿಲ್ಲುವುದು ಬೇಡ.

ಅಂದಹಾಗೆ, ಇಂಚರಾಳ ಹೆಸರನ್ನು ಬಳಸಲು ಅವಳ ಒಪ್ಪಿಗೆ ಇದೆ. ಮೊದಲ ಸಲ ಕೇಳಿದಾಗ “ಬೇಡ ಆಂಟಿ” ಎಂದಳು. ಅವಳ ‘ಬೇಡ’ ಯಾವ ಬಗೆಯದೆಂದು ಫೋನಿನಲ್ಲಿ ತಿಳಿಯುವುದಿಲ್ಲ, ಅದಕ್ಕೇ ಹ್ಯಾರಿಸ್ ಪಾರ್ಕಿನಲ್ಲಿ ಎದುರಿಗೆ ಕೂತು, ಬೇಡವೆಂದರೆ ನಿಜವಾಗಿಯೂ ಬರೆಯುವುದಿಲ್ಲ ಎಂದು ಮಾತು ಕೊಟ್ಟು, ಮುಖ ನೋಡಿ ಕೇಳಿದೆ. ಆಗ, “ಹಾಕಿ ಆಂಟಿ. ನಾನೇನು ಕಳ್ತನ ಮಾಡಿದೀನಾ? ಪೂರ್ತಿ ಹೆಸ್ರು ಹಾಕಿ,” ಎಂದಳು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಎರಡನೇ ಸುತ್ತಿನ ತರಬೇತಿಯನ್ನು ರದ್ದು ಮಾಡಿ, ಆ ದಿನವೇ ಸಿಡ್ನಿಗೆ ವಿಮಾನ ಹತ್ತಿ. ಈ ಸಲ ಪ್ರಯಾಣ ನಿಮ್ಮದಾಗಲಿ. ಇಂಚರಾಳನ್ನು ಮೂಲೆಯ ಕುರ್ಚಿಯಿಂದ ಎಬ್ಬಿಸಿ ಗ್ರಾಹಕರ ಎದುರಿನ ಕುರ್ಚಿಯಲ್ಲಿ ಕೂರಿಸಿ. ಅದಾಗುವವರೆಗೆ ಆ ಹುದ್ದೆಯನ್ನು ಯಾರಿಗೂ ಕೊಡದಂತೆ ತಡೆಯಿರಿ, ಆ ಅಧಿಕಾರ ನಿಮಗಿದೆ. ಅವಳ ದನಿ ಬೇಡವೆಂದದ್ದು ಯಾರೆಂದು ಲಿಖಿತವಾಗಿ ಕೇಳಿ. ಫಿಯೋನಾಳಿಗೆ ಹೇಳಿದ ಮಾತನ್ನು ಹೇಳಿದವರೇ ವಾಪಸು ತೆಗೆದುಕೊಳ್ಳಲಿ. ಇದನ್ನೆಲ್ಲ ಆ ಅತ್ತ ಜನರ ಎದುರಿನಲ್ಲೇ ಮಾಡಿ. ಕಲಿಯಬೇಕೆಂದು ಅಷ್ಟು ಆಸೆಪಟ್ಟವರು, ನೋಡಿ ಕಲಿಯಲಿ. ಮೂಗಿಗೆ ತುಪ್ಪ ಸವರುವ ಉತ್ತರ ಬಂದರೆ ಅದನ್ನೂ ಇದೇ ಪತ್ರಿಕೆಯಲ್ಲಿ ಹಾಕಿಸುತ್ತೇನೆ.

ಇನ್ನು ನೀವು ಕೇಳಿದ ಹತ್ತು ನಿಮಿಷದ ಮಾತು ಮತ್ತು ಸಿಹಿಯ ವಿಷಯ. ನನ್ನ ಉತ್ತರ: ಬೇಡ. ಇದು ಉಪಚಾರದ ‘ಬೇಡ’ ಅಲ್ಲ. ನನ್ನನ್ನು ಎರಡನೇ ಸಲ ಕೇಳಬೇಡಿ. ಎರಡನೇ ಸಲ ಕೇಳಬೇಕಾದವಳು ನಾರ್ತ್ ಸಿಡ್ನಿಯಲ್ಲಿದ್ದಾಳೆ. ಕೇಳುವಾಗ ಲಿಫ್ಟಿನ ಬಟನ್ ಒತ್ತಬೇಡಿ.

ಇಂತಿ,
ನಿಮ್ಮ ರಿಸೆಪ್ಷನ್ ಗೋಡೆಯ ಪೋಸ್ಟರಿನಲ್ಲಿ ಸೀರೆಯುಟ್ಟು, ನೀವು ನಗಿ ಎಂದದ್ದಕ್ಕೆ ಇನ್ನೂ ನಗುತ್ತಲೇ ಇರುವ,
ಉಷಾ ಗೋಪೀನಾಥ
ಮೆಲ್ಬರ್ನ್